ಮೂಲಪುರುಷನ ಜುಬ್ಬ

ಟ್ರಂಕಿನ ಮುಚ್ಚಳ ಎತ್ತಿದ ಶಾಂತರಾಜು ಮೇಷ್ಟ್ರು ಹಾಗೇ ನಿಂತುಬಿಟ್ಟರು. ನಾಟಕದ ನಾಯಕ ವೆನ್ಯಾವನ ಜುಬ್ಬ ಇರಲಿಲ್ಲ. ಅದರ ಜಾಗದಲ್ಲಿ ಹೊಸದೊಂದಿತ್ತು. ಅದೇ ಬಣ್ಣ, ಅದೇ ಮಸಿಯ ಕಲೆ.

ಗುಂಡ್ಲುಪೇಟೆಯಲ್ಲಿ ಅವರ ತಂಡದ ನಾಟಕ ಮರುದಿನವೇ. ಜೆಕ್ ನಾಡಿನ ದಂತಕಥೆ ಅದು. ಇದ್ದಿಲು ಸುಡುವ ವೆನ್ಯಾವ ಕಾಡುಕೋಣಕ್ಕೆ ಬಳ್ಳಿಯ ಮೂಗುದಾರ ಹಾಕಿ ರಾಜನೆದುರು ತರುತ್ತಾನೆ, ದೊಡ್ಡ ಮನೆತನವೊಂದರ ಮೂಲಪುರುಷನಾಗುತ್ತಾನೆ. ಪಾತ್ರ ಟೈಲರ್ ಹಬೀಬುಲ್ಲಾನ ಒಬ್ಬನೇ ಮಗ ಅಕೀಬನದಾಗಿತ್ತು. ಹೋದ ತಿಂಗಳು ಊಟಿ ರಸ್ತೆಯಲ್ಲಿ ಬೈಕಿಗೆ ಲಾರಿ ಬಡಿದು ಅವನು ತೀರಿಕೊಂಡ. ಈಗ ಅದನ್ನು ತಂಡದ ಹುಡುಗ ರೇವಂತ್ ಮಾಡುತ್ತಿದ್ದ.

"ನೀನೇ ಕಣ್ಲಾ ಬದ್ಲಾಯ್ಸಿರೋದು! ಸತ್ತೋರ ಬಟ್ಟೆ ಆಕ್ಕಳಲ್ಲ ಅಂತ ನೀನೇ ಅಂದಿದ್ದೆ. ನಾಟ್ಕಕ್ಕೆ ನೀನೇ ಬ್ಯಾಡ, ಓಗು!" ಮೇಷ್ಟ್ರು ರೇವಂತನ ಮೇಲೆ ರೇಗಿದರು.

"ಅಂದಿದ್ದೆ ಸಾ. ಆದ್ರೆ ನಾ ಮುಟ್ಟಿಲ್ಲ." ರೇವಂತನ ಕಣ್ಣು ತುಂಬಿತು.

ನಾಟಕದ ಸುದ್ದಿ ಬರೆಯಲು ಚಾಮರಾಜನಗರದಿಂದ ಬಂದಿದ್ದ ವರದಿಗಾರ್ತಿ ಶಿವರಂಜಿನಿಗೆ ಕನಿಕರ ಹುಟ್ಟಿತು. ಹೊಸ ಜುಬ್ಬವನ್ನು ತಿರುಗಿಸಿ ನೋಡಿದಳು. ಹೊಲಿಗೆಯೆಲ್ಲ ಕೈಯದು. ಮಡಿಕೆಯಲ್ಲಿ ಇದ್ದಿಲಿನ ಚೂರು.

"ನಿನ್ನೆ ಇಲ್ಲಿಗೆ ಯಾರು ಬಂದಿದ್ರು ಸರ್?"

"ರಾಜನ ಅಂಗಿ ಕೊಡಕ್ಕೆ ಟೈಲರೂ ಅವರ ಎಂಡ್ತೀನೂ ಬಂದಿದ್ರು. ಮೊನ್ನೆ ಅಳತೆಗೆ ಇಬ್ರೂ ಬಂದಾಗ, ಹಳೇ ಜುಬ್ಬ ಒಗಿಯಕ್ಕೆ ಆಕ್ಬೇಕು ಅಂತ ಅವರ ಮುಂದೇನೇ ಅಂದಿದ್ದೆ."

* * *

ಮೂವರೂ ಟೈಲರ್ ಮನೆಗೆ ಹೋದರು. ಅವರು ತಂದಿದ್ದ ಹೊಸ ಜುಬ್ಬದ ಹೊಲಿಗೆ ನೋಡಿದ್ದೇ ತಡ, ಹಬೀಬುಲ್ಲಾ ಒಪ್ಪಿಕೊಂಡ.

"ನಾನೇ ತಗೊಂಡೆ ಮೇಡಮ್. ಹುಡುಗನ್ನ ಬೈಬೇಡಿ."

"ಮಿಷನ್ ಇಟ್ಕೊಂಡು ಇಡೀ ಜುಬ್ಬ ಕೈಯಲ್ಲಿ ಹೊಲಿದ್ರಾ ಭಾಯ್?" ಶಿವರಂಜಿನಿ ಕೇಳಿದಳು.

ಅವನ ಕಣ್ಣು ಒಳಮನೆಯತ್ತ ಹೋಯಿತು.

"ಹೊಲಿದವರು ನೀವಲ್ಲ, ಮಿಷನ್ ಸದ್ದು ನಿಮ್ಮ ಕಿವಿಗೆ ಬೀಳಬಾರದು ಅಂತ ಅವರು ಕೈಯಲ್ಲೇ ಹೊಲಿದಿದ್ದಾರೆ. ಮಸಿ ಬಳಿಯೋಕೆ ನಿಮ್ಮ ಇಸ್ತ್ರಿಪೆಟ್ಟಿಗೆಯ ಇದ್ದಿಲಿತ್ತು. ನಿನ್ನೆ ನೀವು ಮೇಷ್ಟ್ರ ಜೊತೆ ಮಾತಾಡ್ತಿದ್ದಾಗ ಬದಲಾಯಿಸಿದ್ರು. ಬೇರೆ ಕಳ್ಳ ಆಗಿದ್ರೆ ಹೊಸದು ಹೊಲಿದು ಇಡ್ತಿರಲಿಲ್ಲ. ಒಗೆದ್ರೆ ಹೋಗಿಬಿಡೋ ಏನೋ ಒಂದು ಅದರಲ್ಲಿತ್ತು."

ಅವನ ಹೆಂಡತಿ ಫಖ್ರುನ್ನೀಸಾ ಒಳಗಿಂದ ಬಂದಳು. ಹಳೆಯ ಜುಬ್ಬ ಎದೆಗವಚಿಕೊಂಡಿದ್ದಳು.

"ಅವನ ಬೆವರು ಇದೆ ಇದರಲ್ಲಿ. ಮನೇಲಿದ್ದ ಬಟ್ಟೆನೆಲ್ಲ ನಾನೇ ಒಗೆದಿಟ್ಬಿಟ್ಟಿದ್ದೆ, ಪಾಪಿ. ಇದೊಂದೇ ಉಳಿದಿತ್ತು."

"ನಂಗೆ ಒಂದು ಮಾತು ಹೇಳಬಾರದಿತ್ತಾ?" ಎಂದ ಹಬೀಬುಲ್ಲಾ.

"ಹೇಳಿದ್ರೆ ನೀವೂ ಅಳ್ತಿದ್ರಿ."

ರೇವಂತ್ ಮೆಲ್ಲಗೆ ಹೇಳಿದ. "ನಿಮ್ಮತ್ರನೇ ಇರ್ಲಿ ಅಮ್ಮ. ನೀವು ಒಲ್ದಿರೋ ಜುಬ್ಬಾನೇ ಆಕ್ಕತೀನಿ."

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. "ತಪ್ಪಾಯ್ತು ಕಣ್ಲಾ."

ಫಖ್ರುನ್ನೀಸಾ ಅವರತ್ತ ನೋಡಿದಳು. "ನಾಟಕದ ಕೊನೇಲಿ ವೆನ್ಯಾವನಿಂದ ವಂಶ ಶುರುವಾಗುತ್ತೆ ಅಲ್ವಾ ಮೇಷ್ಟ್ರೇ? ಅಕೀಬ್ ದಿನಾ ಹೇಳ್ತಿದ್ದ."

"ಊಂ ಕಣಮ್ಮ."

"ನಮ್ದು ಅವನ ಜೊತೇಲೇ ಮುಗೀತು."

ಅವಳು ಜುಬ್ಬವನ್ನು ಮಡಿಸಿ ಒಳಗೆ ಒಯ್ದಳು. ಶಿವರಂಜಿನಿ ಆ ದಿನ ಸುದ್ದಿ ಬರೆಯಲಿಲ್ಲ.