ಕಿರೀಟ ಇಳಿಸದ ಮಹಾರಾಜರು

ನ್ಯಾಯ ಹೇಳಬೇಕಾಗಿದ್ದ ಮಹಾರಾಜರು ಸಿಂಹಾಸನದಿಂದ ಎದ್ದು, ಎದುರಿಗೆ ಕೈಕಟ್ಟಿ ನಿಂತಿದ್ದ ರಾಣಿಯನ್ನು "ಅಮ್ಮಾ, ಒಂದು ಲೋಟ ನೀರು ಕೊಡ್ತೀಯಾ?" ಎಂದು ಕೇಳಿದರು. ನಾಟಕದಲ್ಲಿ ಆ ಮಾತಿರಲಿಲ್ಲ. ರಾಣಿ ಬೇರೆ ಅವರ ಮಗಳ ವಯಸ್ಸಿನವಳು. ಸಭೆ ನಗಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಮಹಾರಾಜರು ಪಕ್ಕದ ಹೂದಾನಿ ಎತ್ತಿ, ಹೂವನ್ನು ಸೇನಾಪತಿಯ ಕೈಗೆ ಕೊಟ್ಟು, ಅದರ ನೀರನ್ನು ಗಟಗಟ ಕುಡಿದರು. ಆಮೇಲೆ ಸುಸ್ತಾಗಿ ಕಂಬಕ್ಕೆ ಒರಗಿದರು. ಆ ಕಂಬ ಪರದೆಯ ಮೇಲೆ ಬರೆದದ್ದು. ಕಂಬ, ಅರಮನೆ, ಮಹಾರಾಜರು ಒಟ್ಟಿಗೇ ನೆಲಕ್ಕೆ ಬಂದರು.

ಗಡಿಬಿಡಿಯಲ್ಲಿ ಮುಂಭಾಗದ ಪರದೆ ಇಳಿಸಿದವರು ರಂಗಮಂದಿರದ ಮ್ಯಾನೇಜರ್. ಮ್ಯಾನೇಜರ್ ಎಂದು ಬಾಗಿಲ ಮೇಲೆ ಬರೆದಿತ್ತೇ ಹೊರತು ಹಾಗೆ ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಅಳಿಯಂದಿರು. ಮಂದಿರದ ಮಹಡಿಯ ಮೇಲೆ ಮಗಳು ಅಳಿಯನ ಜೊತೆ ವಾಸವಾಗಿದ್ದ ಅತ್ತೆಯವರದೇ ದೊಡ್ಡ ಹೆಸರು. ಅವರು ಚರ್ಮರೋಗದ ಡಾಕ್ಟರಾಗಿ ನಿವೃತ್ತರಾದವರು. ಕೆಲಸ ಬಿಟ್ಟ ಮೇಲೆ ಜನರ ಚರ್ಮದ ಬದಲು ಗುಟ್ಟುಗಳನ್ನು ಪರೀಕ್ಷೆ ಮಾಡುವ ಚಟ ಹತ್ತಿಸಿಕೊಂಡಿದ್ದರು. ಕಳೆದ ಉಂಗುರದಿಂದ ಹಿಡಿದು ತಪ್ಪಿಸಿಕೊಂಡ ಗಂಡನವರೆಗೆ ಏನನ್ನಾದರೂ ಹುಡುಕಿಕೊಡುತ್ತಿದ್ದರು. ಆ ಕೆಲಸದಲ್ಲಿ ಅಳಿಯಂದಿರು ಅವರ ಬಲಗೈ. ಬಲಗೈ ಎಂದರೆ ಚೀಲ ಹಿಡಿಯುವ ಕೈ.

ಅಳಿಯಂದಿರು ಅತ್ತೆಯವರನ್ನು ಕರೆದುಕೊಂಡು ಕೆಳಗಿಳಿಯುವ ಹೊತ್ತಿಗೆ ಅಪರಾಧಿ ಆಗಲೇ ಸಿಕ್ಕಿಬಿಟ್ಟಿದ್ದಳು. ಪರದೆಯ ಮರೆಯಲ್ಲಿ ಕುಳಿತು ನಟರಿಗೆ ಮಾತು ಹೇಳಿಕೊಡುವ ಹೆಂಗಸು ಆಕೆ, ನಾಟಕ ಕಂಪನಿಗೆಲ್ಲ ಪಿಸುಮಾತಕ್ಕ. ಹರೆಯದಿಂದಲೂ ಆ ಕತ್ತಲ ಮೂಲೆಯ ಸ್ಟೂಲಿನ ಮೇಲೇ ಬದುಕು ಸವೆಸಿದವಳು. ಮಹಾರಾಜರಿಗೆ ದಿನಾ ಆಟಕ್ಕೆ ಮುಂಚೆ ತನ್ನ ಫ್ಲಾಸ್ಕಿನಿಂದ ಚಹಾ ಕೊಡುತ್ತಿದ್ದವಳೂ ಆಕೆಯೇ. ಹೋದ ವಾರ ಮಹಾರಾಜರು, ನೀನು ಪಿಸುಗುಟ್ಟೋದು ಹಿಂದಿನ ಸಾಲಿಗೂ ಕೇಳುತ್ತೆ, ಚಪ್ಪಾಳೆ ನಿನಗೇ ಬೀಳುತ್ತೆ ಎಂದು ಎಲ್ಲರೆದುರು ಬೈದಿದ್ದರು. ಆ ಸೇಡಿಗೆ ಚಹಾದಲ್ಲಿ ಏನೋ ಬೆರೆಸಿದ್ದಾಳೆ ಎಂದು ಸೇನಾಪತಿ ವೇಷದವನು ಹೇಳಿದ. ಮಹಾರಾಜರೂ ಮಲಗಿದ್ದಲ್ಲಿಂದಲೇ ತೊದಲುತ್ತ ಹೌದೆಂದರು. ಪಿಸುಮಾತಕ್ಕನ ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು. ತಪ್ಪು ಮಾಡಿದ ಮುಖ ನೋಡಿ ಎಂದು ಎಲ್ಲರೂ ತಲೆಯಾಡಿಸಿದರು.

ಕಂಪನಿ ಯಜಮಾನರು ಒಳ್ಳೆಯವರೇ, ಆದರೆ ಟಿಕೆಟ್ಟಿನ ದುಡ್ಡು ವಾಪಸು ಕೊಟ್ಟ ದಿನ ಯಾವ ಯಜಮಾನರೂ ಒಳ್ಳೆಯವರಾಗಿರುವುದಿಲ್ಲ. "ಕತ್ತಲಾಗೋದ್ರೊಳಗೆ ಇವಳು ಹಾಕಿದ್ದು ಏನು ಅಂತ ಹೇಳ್ಬೇಕು. ಇಲ್ಲಾಂದ್ರೆ ಪೊಲೀಸರ ಕೈಗೆ ಕೊಡ್ತೀನಿ," ಎಂದರು. ಪಿಸುಮಾತಕ್ಕ ಅತ್ತೆಯವರ ಕೈ ಹಿಡಿದುಕೊಂಡಳು. "ಡಾಕ್ಟರಮ್ಮ, ವಿಷ ಹಾಕಿದವಳು ಅಂತ ಹೆಸರು ಬಂದ್ರೆ ಯಾವ ಕಂಪನಿಯವರು ನನ್ನ ಸೇರಿಸ್ತಾರೆ? ನಂಗೆ ಬೇರೆ ಏನೂ ಬರಲ್ಲ," ಎಂದಳು. ಅಳಿಯಂದಿರು ಅತ್ತೆಯವರ ಚೀಲ ತಂದು ಮುಂದಿಟ್ಟರು.

ಅತ್ತೆಯವರು ಮೊದಲು ಮಹಾರಾಜರನ್ನು ನೋಡಿದರು. ನಾಲಿಗೆ ಒಣಗಿದ ಹಪ್ಪಳ. ಬಲಗಣ್ಣಿನ ಪಾಪೆ ದೊಡ್ಡದಾಗಿ ಅರಳಿತ್ತು, ಎಡಗಣ್ಣಿನದು ಅಷ್ಟಿರಲಿಲ್ಲ. ಮಾತಿನ ಮಧ್ಯೆ ಮಹಾರಾಜರು ಕಿವಿಯ ಹಿಂದೆ ಕೆರೆದು, ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡರು. ಅತ್ತೆಯವರು "ಎಲ್ಲಿ, ಸ್ವಲ್ಪ ಕಿವಿ ತೋರಿಸಿ" ಎಂದದ್ದೇ ತಡ, ಮಹಾರಾಜರು ಎರಡು ಕೈಯಲ್ಲೂ ಕಿರೀಟ ಒತ್ತಿ ಹಿಡಿದು ಗೋಡೆಗೆ ಅಂಟಿಕೊಂಡು ನಿಂತರು. ಕಿವಿ ಚೆನ್ನಾಗಿಯೇ ಇದೆ, ಮುಟ್ಟಬೇಡಿ ಎಂದರು. ಭುಜದವರೆಗೆ ಇಳಿಬಿದ್ದ ಅವರ ಕಪ್ಪು ಗುಂಗುರು ಕೂದಲು ಊರಿಗೇ ಹೆಸರುವಾಸಿ. ಅದರ ಮರೆಯಲ್ಲಿ ಕಿವಿ ಕಾಣುತ್ತಲೂ ಇರಲಿಲ್ಲ.

ಅತ್ತೆಯವರು ಕಂಪನಿಯವರನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು. ಮಹಾರಾಜರು ಬೆಳಿಗ್ಗೆ ಎದ್ದಾಗಿನಿಂದಲೇ ನೀರು ನೀರು ಎನ್ನುತ್ತಿದ್ದರಂತೆ. ಬಣ್ಣದ ಕೋಣೆಗೆ ಅವರು ಯಾರನ್ನೂ ಬಿಡುವುದಿಲ್ಲ, ತಮ್ಮ ವೇಷ ತಾವೇ ಹಾಕಿಕೊಳ್ಳುತ್ತಾರಂತೆ. ಎಷ್ಟೇ ಸೆಖೆಯಿರಲಿ, ಫ್ಯಾನಿನ ಕೆಳಗೆ ಕೂರುವುದಿಲ್ಲವಂತೆ. ಕೊನೆಯ ದೃಶ್ಯದಲ್ಲಿ ರಾಜ ತನ್ನ ತಪ್ಪು ಒಪ್ಪಿಕೊಂಡು ಕಿರೀಟ ಇಳಿಸಬೇಕು ಎಂದು ನಾಟಕದಲ್ಲಿದೆ. ಮಹಾರಾಜರು ಮಾತ್ರ ಒಂದು ದಿನವೂ ಇಳಿಸಿದವರಲ್ಲ, ಸುಮ್ಮನೆ ಮುಟ್ಟಿ ಬಿಡುತ್ತಾರೆ. ದೊಡ್ಡ ನಟರ ಗತ್ತು ಎಂದುಕೊಂಡು ಯಜಮಾನರೂ ಸುಮ್ಮನಿದ್ದರು.

ಪಿಸುಮಾತಕ್ಕನ ದುಃಖವೇ ಬೇರೆ. ಆಕೆ ಗುಡ್ಡದಾಚೆ ತಂಗಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಡಾಕ್ಟರು ಕಿವಿಯ ಹಿಂದೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಕೊಟ್ಟಿದ್ದರು. ಮೈಬಣ್ಣದ ಗುಂಡನೆಯ ಸ್ಟಿಕ್ಕರ್, ಒಮ್ಮೆ ಅಂಟಿಸಿದರೆ ಸ್ನಾನ ಮಾಡಿದರೂ ಬಿಡುವುದಿಲ್ಲ. ವಾರದ ಹಿಂದೆ ಅದರ ಡಬ್ಬಿಯೇ ಚೀಲದಿಂದ ಕಾಣೆಯಾಗಿತ್ತು. ಅಂದಿನಿಂದ ದಾರಿಯುದ್ದಕ್ಕೂ ವಾಂತಿ. ಇವತ್ತೂ ಬಸ್ಸಿಳಿದು, ಮಹಾರಾಜರಿಗೆ ಚಹಾ ಕೊಟ್ಟು ನೇರ ಸ್ಟೂಲಿಗೆ ಬಂದು ಕುಳಿತವಳು, ಮುಖ ಬಿಳಿಚದೆ ಇನ್ನೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ ಎಂದು ಅಳಿಯಂದಿರು ಗೊಣಗಿದರು.

ಅತ್ತೆಯವರು ಫ್ಲಾಸ್ಕ್ ಅಲ್ಲಾಡಿಸಿ ನೋಡಿ, ಮಿಕ್ಕಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿದರು. "ಅಳಿಯಂದಿರೇ, ಕುಡೀರಿ."

"ಅತ್ತೆ, ಇದರಲ್ಲಿ ವಿಷ ಇದೆ ಅಂತಾರೆ."

"ಇದ್ರೆ ಗೊತ್ತಾಗುತ್ತಲ್ಲ."

ಮದುವೆಯ ದಿನ ನೀವು ನನಗೆ ಮಗನಿದ್ದ ಹಾಗೆ ಎಂದು ಇದೇ ಅತ್ತೆ ಹೇಳಿದ್ದು ಅಳಿಯಂದಿರಿಗೆ ನೆನಪಾಯಿತು. ಮಗನಾಗಿದ್ದರೂ ಕುಡಿಸುತ್ತಿದ್ದರು ಎಂಬುದೂ ಹೊಳೆಯಿತು. ಕಣ್ಣು ಮುಚ್ಚಿ ಕುಡಿದರು. ಚಹಾ ತಣ್ಣಗಾಗಿತ್ತು, ಅದೊಂದೇ ದೋಷ. ಆದರೂ ಮುಂದಿನ ಒಂದು ಗಂಟೆ ಹೊತ್ತು ಘಳಿಗೆಗೊಮ್ಮೆ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುತ್ತ ಓಡಾಡಿದರು.

ಆಮೇಲೆ ಅತ್ತೆಯವರು, ಯಾರೂ ವೇಷ ಕಳಚಬೇಡಿ, ಎಲ್ಲರೂ ರಂಗದ ಮೇಲೆ ಬನ್ನಿ ಎಂದು ಹೇಳಿಕಳಿಸಿದರು. ಹರಿದ ಅರಮನೆಯ ಮುಂದೆ ರಾಣಿ, ಸೇನಾಪತಿ, ಯಜಮಾನರು ಸಾಲಾಗಿ ಕುಳಿತರು. ಮಹಾರಾಜರಿಗೆ ಸಿಂಹಾಸನ ಕೊಟ್ಟರು. ಪಿಸುಮಾತಕ್ಕ ಅಭ್ಯಾಸಬಲದಿಂದ ತನ್ನ ಮೂಲೆಯ ಸ್ಟೂಲಿಗೇ ಹೋದಳು.

"ಮೊದಲು ಚಹಾ ವಿಚಾರ ಮುಗಿಸೋಣ," ಎಂದರು ಅತ್ತೆ. "ಮಿಕ್ಕಿದ್ದನ್ನ ನಮ್ಮ ಅಳಿಯಂದಿರು ಕುಡಿದಿದ್ದಾರೆ. ಸ್ವಲ್ಪ ಮಂಕಾಗಿ ಕಾಣ್ತಾರೆ, ನಿಜ. ಅದು ಮದುವೆಗೆ ಮುಂಚಿನಿಂದಲೂ ಇದೆ. ಇನ್ನೊಂದು ಮಾತು. ಮಹಾರಾಜರ ಬಾಯಿ ಒಣಗಿದ್ದು ಬೆಳಿಗ್ಗೆ, ಚಹಾ ಬಂದಿದ್ದು ಮಧ್ಯಾಹ್ನ. ಬೆಂಕಿಗಿಂತ ಮುಂಚೆ ಹೊಗೆ ಏಳುತ್ತಾ?"

ಯಜಮಾನರು, ಹಾಗಾದರೆ ಬೆಳಗಿನ ತಿಂಡಿಯಲ್ಲಿ ಬೆರೆಸಿರಬೇಕು ಎಂದರು. ಆ ತಿಂಡಿಯನ್ನು ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡಿದ್ದರು, ಯಜಮಾನರೇ ಎರಡು ಸಲ.

"ವಿಷ ಅಂದ್ರೆ ಬಾಯಿಂದಲೇ ಹೋಗ್ಬೇಕು ಅಂತ ಎಲ್ಲರೂ ಬಾಯಿ ಕಾಯ್ತಾ ಕೂತ್ರಿ. ಮೈ ತುಂಬಾ ಚರ್ಮ ಇದೆ, ಅದನ್ನ ಯಾರೂ ಕೇಳ್ಲಿಲ್ಲ," ಎಂದು ಅತ್ತೆ ಮುಂದುವರಿಸಿದರು. ಚರ್ಮ ಒಳ್ಳೆಯ ಕಾವಲುಗಾರ, ನೀರು ಧೂಳು ಯಾವುದನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆದರೆ ಕೆಲವು ಔಷಧಿಗಳ ಕಣ ಬಲು ಸಣ್ಣದು, ಚರ್ಮದ ಜಿಡ್ಡಿನ ಜೊತೆ ಸ್ನೇಹ ಬೆಳೆಸಿ ಮೆಲ್ಲಗೆ ನುಸುಳಿ ರಕ್ತ ಸೇರುತ್ತವೆ. ಅಂಗೈಯಲ್ಲಿ ಚರ್ಮ ದಪ್ಪ, ಕಷ್ಟ. ಕಿವಿಯ ಹಿಂದೆ ತೆಳು, ಸಲೀಸು. ಮೇಲೊಂದು ಮುಚ್ಚಳವಿದ್ದು ಒಳಗೆ ಬೆವರು, ಬಿಸಿ ಸೇರಿದರೆ ಇನ್ನೂ ಬೇಗ. ಬಸ್ಸಿನ ಸ್ಟಿಕ್ಕರಿನ ಮರ್ಮ ಇದೇ. ಒಂದು ಅಂಟಿಸಿಕೊಂಡರೆ ಹೊಟ್ಟೆ ಸುಮ್ಮನಿರುತ್ತದೆ, ಬಾಯಿ ಸ್ವಲ್ಪ ಒಣಗುತ್ತದೆ. ಎರಡು ಕಿವಿಗೂ ಒಂದೊಂದು ಅಂಟಿಸಿಕೊಂಡರೆ ಕಣ್ಣು ಮಂಜು, ತಲೆ ಗೊಂದಲ, ರಾಣಿ ಯಾರು ಅಮ್ಮ ಯಾರು ತಿಳಿಯುವುದಿಲ್ಲ. ಅದನ್ನು ಮುಟ್ಟಿದ ಬೆರಳು ಒಂದು ಕಣ್ಣಿಗೆ ತಗುಲಿದರೆ, ಆ ಕಣ್ಣಿನ ಪಾಪೆ ಅರಳಿಕೊಂಡು ನಿಲ್ಲುತ್ತದೆ.

"ಡಬ್ಬಿ ಕದ್ದವರಿಗೆ ಅದು ಔಷಧಿ ಅಂತಾನೇ ಗೊತ್ತಿರಲಿಲ್ಲ. ಗಟ್ಟಿ ಅಂಟು ಅಂತ ಕದ್ದರು. ಈಗಲೂ ಅದು ಅವರ ಮೈ ಮೇಲೇ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದನ್ನು ಅಳಿಯಂದಿರು ಕೇಳಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮಹಾರಾಜರ ಕೈ ತಾನಾಗಿಯೇ ಕಿವಿಯ ಹಿಂದಕ್ಕೆ ಹೋಯಿತು. ಅದನ್ನು ನೋಡಿದವರು ಅತ್ತೆ, ಅಳಿಯ ಇಬ್ಬರೇ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತಲ್ಲ ಎಂದು ಅಳಿಯಂದಿರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವರ ಕಾಲು ತುಳಿದರು.

ಯಾರು ಆ ಕಳ್ಳ, ಹೆಸರು ಹೇಳಿ ಎಂದು ಯಜಮಾನರು ಹಟ ಹಿಡಿದರು.

"ನಾನು ಡಾಕ್ಟರು. ಒಬ್ಬರ ಮೈ ಗುಟ್ಟನ್ನ ಹತ್ತು ಜನರ ಮುಂದೆ ಬಿಚ್ಚೋದು ನನ್ನ ಕೆಲಸ ಅಲ್ಲ. ಹೇಳೋದಿದ್ರೆ ಅವರೇ ಹೇಳ್ಲಿ."

"ಅವರು ಹೇಳದಿದ್ರೆ ನನಗೆ ಇವಳೇ ಗತಿ," ಎಂದು ಯಜಮಾನರು ಮೂಲೆಯತ್ತ ಕೈ ತೋರಿದರು. ಸೇನಾಪತಿ ಪೊಲೀಸರನ್ನು ಕರೆಯಲು ಎದ್ದೂ ಬಿಟ್ಟ.

ಆಗ ಮಹಾರಾಜರು ಸಿಂಹಾಸನದಿಂದ ಎದ್ದರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಮತ್ತೆ ತೆರೆದರು. ರಂಗದ ಮೇಲೆ ಮಾತು ಸಿಗದೆ ನಿಂತ ನಟ, ಕತ್ತಲಲ್ಲಿ ಕುಳಿತ ಪಿಸುಮಾತಕ್ಕ. ಜೀವಮಾನದ ಅಭ್ಯಾಸ ಎಲ್ಲಿ ಬಿಡುತ್ತದೆ? ಮೂಲೆಯಿಂದ ಆ ಪಿಸುಮಾತು ಬಂತು, ಹಿಂದಿನ ಸಾಲಿಗೂ ಕೇಳುವ ಹಾಗೆ.

"ತಪ್ಪು ನನ್ನದು..."

"ತಪ್ಪು ನನ್ನದು," ಎಂದರು ಮಹಾರಾಜರು.

"ಈ ಕಿರೀಟ ಇಳಿಸುತ್ತಿದ್ದೇನೆ..."

ಮಹಾರಾಜರು ಆ ಮಾತು ಹೇಳಲಿಲ್ಲ. ಎರಡು ಕೈಯಿಂದ ಕಿರೀಟ ಎತ್ತಿದರು. ಕಿರೀಟದ ಜೊತೆಗೆ ಊರೆಲ್ಲ ಮೆಚ್ಚಿದ ಗುಂಗುರು ಕೂದಲೂ ಇಡಿಯಾಗಿ ಎದ್ದು ಬಂತು. ಬೋಳು ತಲೆ ದೀಪಕ್ಕೆ ಹೊಳೆಯಿತು. ವಿಗ್ಗಿನ ಅಂಚಿನಲ್ಲಿ ಅತ್ತೊಂದು ಇತ್ತೊಂದು ಗುಂಡನೆಯ ಸ್ಟಿಕ್ಕರ್ ನೇತಾಡುತ್ತಿತ್ತು.

"ಅಯ್ಯೋ, ನನ್ನ ಬಸ್ಸಿನ ಸ್ಟಿಕ್ಕರು," ಎಂದಳು ಪಿಸುಮಾತಕ್ಕ.

ಮಹಾರಾಜರು ನಿಂತಲ್ಲೇ ಎಲ್ಲ ಹೇಳಿದರು. ವಿಗ್ಗಿನ ಅಂಟು ಮುಗಿದಿತ್ತು. ಅಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಪಿಸುಮಾತಕ್ಕನ ಕಿವಿಯ ಹಿಂದಿನ ಸ್ಟಿಕ್ಕರ್ ಬೆವರಿಗೂ ಜಗ್ಗದ್ದು ಕಂಡು ಡಬ್ಬಿ ಎತ್ತಿಕೊಂಡು, ಅರ್ಧ ವಿಗ್ಗಿನ ಅಂಚಿಗೆ ಅರ್ಧ ಚರ್ಮಕ್ಕೆ ಬರುವಂತೆ ಅಂಟಿಸಿಕೊಂಡರು. ಮಲಗುವಾಗಲೂ ವಿಗ್ಗು ತೆಗೆಯದ ಮನುಷ್ಯ, ಔಷಧಿ ವಾರವಿಡೀ ಇಳಿದಿತ್ತು, ಹಿಂದಿನ ರಾತ್ರಿ ಹೊಸ ಜೋಡಿ ಅಂಟಿಸಿದ ಮೇಲೆ ಅತಿಯಾಗಿತ್ತು. ಪಿಸುಮಾತಕ್ಕನೇ ವಿಷ ಹಾಕಿದಳೆಂದು ಅವರು ನಿಜವಾಗಿಯೇ ನಂಬಿದ್ದರಂತೆ. ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಅತ್ತೆಯವರು ವಿಗ್ಗಿನಿಂದ ಸ್ಟಿಕ್ಕರ್ ಕಿತ್ತು, ಕಿವಿಯ ಹಿಂದೆ ಸೋಪು ಹಾಕಿ ತೊಳೆಸಿ, ಎರಡು ದಿನ ವಿಶ್ರಾಂತಿ ಎಂದರು. ಯಜಮಾನರು ಪಿಸುಮಾತಕ್ಕನಿಗೆ ಕೈಮುಗಿದರು. ಆಕೆ ಅವರನ್ನು ನೋಡಲೂ ಇಲ್ಲ, ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಮಹಾರಾಜರನ್ನೇ ಕೇಳುತ್ತಿದ್ದಳು.

ಮುಂದಿನ ಆಟದಲ್ಲಿ ಮಹಾರಾಜರು ವಿಗ್ಗಿಲ್ಲದೆ, ಬರೀ ಕಿರೀಟ ಇಟ್ಟು ಬಂದರು. ಕೊನೆಯ ದೃಶ್ಯದಲ್ಲಿ ಮುಂದೆ ಬಂದು ನಿಂತು, ಸುಮ್ಮನಾದರು. ಅಳಿಯಂದಿರು ಅತ್ತೆಯವರ ಕಡೆಗೆ ಬಾಗಿದರು. "ಅತ್ತೆ, ಮತ್ತೆ ಮರೆತರು," ಎಂದರು.

"ಮರೆತಿಲ್ಲ, ಸುಮ್ನಿರಿ," ಎಂದರು ಅತ್ತೆ.

ಮಹಾರಾಜರು ಮೂಲೆಯ ಸ್ಟೂಲಿನ ಕಡೆಗೆ ಮುಖ ತಿರುಗಿಸಿ ಕಾಯುತ್ತಿದ್ದರು. ಅಲ್ಲಿಂದ ಪಿಸುಮಾತು ಬಂತು, ಹಿಂದಿನ ಸಾಲಿಗೂ ಕೇಳಿಸಿತು. ಮಹಾರಾಜರು ಆ ಮಾತನ್ನು ಆಕೆಯನ್ನೇ ನೋಡುತ್ತ ಹೇಳಿ, ಕಿರೀಟ ಇಳಿಸಿದರು. ಚಪ್ಪಾಳೆ ಇಬ್ಬರಿಗೂ ಬಿತ್ತು.