ಎರಡನೇ ವಾಲ್ವಿಗೊಂದು ಹೂಂ

"ಬಂತಾ?" ಅಜ್ಜ ಕೇಳಿದರು.

"ಏನು ಬರ್ಬೇಕಿತ್ತು?"

"ಸದ್ದು ಕಣೇ! ನಾನು ಪೆನ್ಸಿಲಲ್ಲಿ ತಟ್ಟಿದಾಗ ಸ್ಪೀಕರಲ್ಲಿ ಚರಚರ ಅಂತ ಬರುತ್ತಾ ಕೇಳು. ಯಾವ ವಾಲ್ವ್ ತಟ್ಟಿದಾಗ ಬರುತ್ತೋ, ಅದು ಕೆಟ್ಟಿದೆ ಅಂತ."

ಮೇಜಿನ ಮೇಲೆ ಗಿಟಾರಿನ ಹಳೆಯ ಆಂಪ್ಲಿಫೈಯರ್ ಬೆನ್ನು ಬಿಚ್ಚಿಕೊಂಡು ಕೂತಿತ್ತು. ಒಳಗೆ ಬಲ್ಬಿನಂಥ ನಾಲ್ಕು ಗಾಜಿನ ವಾಲ್ವುಗಳು ಸಾಲಾಗಿ ಕೆಂಪಗೆ ಉರಿಯುತ್ತಿದ್ದವು. ಅಜ್ಜ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಮಾತ್ರ ಕೆಲಸ ಮಾಡುತ್ತಿದ್ದರು.

"ಕೈ ಯಾಕೆ ಹಿಂದೆ? ಭಾಷಣ ಮಾಡೋಕೆ ಹೊರಟಿದೀಯಾ?"

"ಎರಡೂ ಕೈ ಒಳಗಿಟ್ರೆ ಶಾಕ್ ಎದೆ ಮೂಲಕ ಹೋಗುತ್ತೆ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದೀನಿ. ನೀನು ಮಾತ್ರ ಹತ್ರ ಬರ್ಬೇಡ."

"ಬರೋರ್ಯಾರು, ಈ ಗುಜರಿ ಹತ್ರ!"

ಈ ಹುಡುಗಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. ಓದುವುದು ಐದನೇ ಕ್ಲಾಸು, ನಾಲಿಗೆ ಮಾತ್ರ ಕಾಲೇಜು ಮುಗಿಸಿತ್ತು. ಗಿಟಾರ್ ಹಿಡಿದು ಆರು ತಿಂಗಳಾಗಿತ್ತು, ಬರುತ್ತಿದ್ದದ್ದು ಎರಡೂವರೆ ಹಾಡು. ಆದರೂ ಆಂಪ್ಲಿಫೈಯರ್ ಮಾತ್ರ ಹೊಸದೇ ಆಗಬೇಕು! ಕ್ಲಾಸಿನ ಕನ್ನಡಕದ ಹುಡುಗನ ಹತ್ತಿರ ನೀಲಿ ಲೈಟಿನದು ಇದೆಯಂತೆ. "ಅಜ್ಜಂದು ರಿಪೇರಿ ಆಗ್ಲಿಲ್ಲ ಅಂದ್ರೆ ನೋಡೋಣ" ಎಂದು ಅಪ್ಪ ಹೇಳಿದ್ದರು.

ಆಗದಿರಲಿ ಎಂದು ಲಾಯರಮ್ಮ ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು.

ಅಜ್ಜ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನೋಡಿದರು.

"ಏನಜ್ಜಾ, ಜ್ವರ ಬಂದಿದ್ಯಾ ಅದಕ್ಕೆ? ಮಾತ್ರೆ ತರ್ಲಾ?"

ಅಜ್ಜ ಎರಡನೇ ವಾಲ್ವನ್ನು ತಟ್ಟಿ, "ಈಗ ಬಂತಾ?" ಎಂದರು.

ಹೊರಗೆ ಗೆಳತಿಯರು ಶಟಲ್ ಬ್ಯಾಟ್ ಹಿಡಿದು, "ಬಾರೇ, ಬಾರೇ!" ಎಂದು ಕೂಗುತ್ತಿದ್ದರು.

"ಹೂಂ."

"ಸರಿಯಾಗಿ ಕೇಳಿದ್ಯಾ?"

"ಹೂಂ ಹೂಂ, ಅದೇ, ಅದೇ!" ಲಾಯರಮ್ಮ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ಕೇಳಿಸಿಕೊಂಡಿದ್ದಳೇ? ಕಿವಿಯೆಲ್ಲ ಬೀದಿಯಲ್ಲಿತ್ತು!

ಆಡಿ ಬರುವಷ್ಟರಲ್ಲಿ ಅಜ್ಜ ಆ ವಾಲ್ವನ್ನು ಬದಲಿಸಿದ್ದರು. ಹತ್ತಿಯಲ್ಲಿ ಸುತ್ತಿ ಎಷ್ಟೋ ವರ್ಷದಿಂದ ಕಾಪಾಡಿದ್ದ ಒಂದೇ ಒಂದು ವಾಲ್ವು ಆ ಜಾಗಕ್ಕೆ ಹೋಗಿತ್ತು.

"ಬಾರಿಸು ನೋಡೋಣ" ಎಂದು ಮತ್ತೆ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟರು.

ಬಾರಿಸಿದಳು. ಚರಚರ, ಚಟಪಟ. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ.

"ಎಷ್ಟು ಚೆನ್ನಾಗಿ ಬರ್ತಿದೆ ಅಲ್ವಾ?" ಅಜ್ಜನ ಮುಖ ಊರಗಲವಾಗಿತ್ತು.

ಲಾಯರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚೆನ್ನಾಗಾ? ಬೀದಿಗೆಲ್ಲ ಕೇಳ್ತಿದೆ ಈ ಚಟಪಟ! ನಲವತ್ತು ವರ್ಷ ಅಂತೆ, ರಿಪೇರಿ ಅಂತೆ! ಗುಜರಿ ಅಂದ್ರೆ ಗುಜರಿನೇ!"

ಅಜ್ಜನ ಮುಖ ಪೆಚ್ಚಾಯಿತು. ಸ್ವಿಚ್ ಆರಿಸಿ ತಮ್ಮ ಕೈಯನ್ನೇ ನೋಡಿಕೊಂಡರು.

"ಹಾಗಾದ್ರೆ ನಾನೇ ಎಲ್ಲೋ ತಪ್ಪಿದೆ. ಇನ್ನು ಈ ಕೈಲಿ ಆಗಲ್ಲ ಬಿಡು. ನಾಳೆ ಗುಜರಿಯವನು ಬಂದ್ರೆ ಕೊಟ್ಬಿಡೋಣ. ನೀನು ಹೊಸದೇ ತಗೋ."

ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. "ಇವನ್ನೂ ಅವನಿಗೇ ಕೊಟ್ಟರಾಯ್ತು."

ಲಾಯರಮ್ಮ ಕೇಸು ಗೆದ್ದಿದ್ದಳು. ಕುಣಿಯಬೇಕಿತ್ತು ತಾನೆ? ಗಿಟಾರನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟಳು.

"ಅಜ್ಜಾ..." ಎಂದಳು ಮೆಲ್ಲಗೆ.

ಅಜ್ಜ ತಿರುಗಲಿಲ್ಲ. ಸಿಟ್ಟು ಬಂದಿದೆಯೇ? ಇನ್ನೂ ಹತ್ತಿರ ಹೋಗಿ ಕರೆದಳು. ಆಗಲೂ ತಿರುಗಲಿಲ್ಲ.

ದಿನಾ ಕಿವಿ ಹರಿಯುವಷ್ಟು ಜೋರಾಗಿ ಅಜ್ಜ ಟೀವಿ ಹಾಕುವುದು ನೆನಪಾಯಿತು. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟದ್ದು ನೆನಪಾಯಿತು. ಕಿವಿಗೆ ಕೇಳದ ಸದ್ದನ್ನು ಅಜ್ಜ ಕೈಯಲ್ಲಿ ಹುಡುಕುತ್ತಿದ್ದರೇ? ಥೂ, ತಾನು ಜ್ವರ, ಮಾತ್ರೆ ಅಂತೆಲ್ಲ ಅಂದಿದ್ದಳಲ್ಲ!

"ಅಜ್ಜಾ!" ಈ ಸಲ ಎದುರಿಗೆ ನಿಂತು ಕೂಗಿದಳು. "ನಿಂದೇನೂ ತಪ್ಪಿಲ್ಲ. ನಾನು ಕೇಳಿಸ್ಕೊಂಡೇ ಇರ್ಲಿಲ್ಲ. ಆಡೋಕೆ ಹೋಗೋಕೆ ಸುಮ್ನೆ ಹೂಂ ಅಂದೆ."

ಅಜ್ಜ ಅವಳನ್ನು ದುರುಗುಟ್ಟಿಕೊಂಡು ನೋಡಿದರು.

"ಕಳ್ಳಿ! ಅಂದ್ರೆ ಚೆನ್ನಾಗಿರೋ ವಾಲ್ವ್ ಕಿತ್ತು, ಆ ಜಾಗಕ್ಕೆ ಚೆನ್ನಾಗಿರೋದನ್ನೇ ಹಾಕಿದ್ನಾ ನಾನು?"

"ಹಾಗೇ ಇರ್ಬೇಕು..."

"ನಿನ್ನ ಮಾತು ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ!"

ಡಬ್ಬಿಯಿಂದ ಪೆನ್ಸಿಲ್ ತೆಗೆದು ಅಜ್ಜನಿಗೆ ಕೊಟ್ಟು, ದೂರದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಳು. "ಮತ್ತೆ ತಟ್ಟು ಅಜ್ಜಾ."

ಅಜ್ಜ ಗೊಣಗುತ್ತಲೇ ಸ್ವಿಚ್ ಹಾಕಿದರು. ಒಂದನೆಯದು ಸುಮ್ಮನಿತ್ತು. ಎರಡನೆಯದೂ ಸುಮ್ಮನಿತ್ತು. ಮೂರನೆಯದನ್ನು ತಟ್ಟಿದಾಗ ಚರ್ರ್ ಎಂದಿತು.

"ಇದೇ! ಮೂರನೇದು!"

"ಮತ್ತೆ ಸುಳ್ಳಾ?"

"ಇಲ್ಲಜ್ಜಾ, ಇನ್ನೊಂದ್ಸಲ ತಟ್ಟು." ಚರ್ರ್. "ಇದೇ!"

ಅಜ್ಜ ಪ್ಲಗ್ ಕಿತ್ತು, ಗಾಜು ಆರುವವರೆಗೆ ಕಾದರು. ಲಾಯರಮ್ಮನೂ ಬಾಯಿ ಮುಚ್ಚಿಕೊಂಡು ಕಾದಳು. ನಾಲ್ಕೂ ಒಂದೇ ನಮೂನೆಯವು; ಆಗ ಸುಮ್ಮನೆ ಕಿತ್ತಿದ್ದ ವಾಲ್ವು ಮೂರನೆಯದರ ಜಾಗಕ್ಕೆ ಹೋಯಿತು.

ಮತ್ತೆ ಸ್ವಿಚ್ ಹಾಕಿ ಅಜ್ಜ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ಅವಳು ಒಂದು ತಂತಿ ಮೀಟಿದಳು.

"ಈಗ ಸರಿಯಾಯ್ತಾ?"

ಹೊರಗೆ, "ಇನ್ನೊಂದು ಆಟ, ಬಾರೇ!" ಎಂದು ಗೆಳತಿಯರು ಕೂಗಿದರು. ಹೂಂ ಎಂಬುದು ಲಾಯರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಹೋಗಿ ಕಿಟಕಿ ಮುಚ್ಚಿ ಬಂದಳು.

"ತಾಳು ಅಜ್ಜಾ" ಎಂದಳು, ಅವರ ಮುಖ ನೋಡಿಕೊಂಡು, ಜೋರಾಗಿ. "ಇನ್ನೊಂದ್ಸಲ ಕೇಳಿ ಹೇಳ್ತೀನಿ."