ಎಪ್ಪತ್ತಕ್ಕೆ ಕಟ್ಟಿದ ಎದೆ

"ನನ್ನ ದನಿ ಕೇಳಿದ್ರೆ ನಿಮ್ಮ ಎದೆ ಒಂಚೂರಾದ್ರೂ ಜೋರಾಗಿ ಹೊಡ್ಕೊಳ್ಳಲ್ವಾ, ಸಿಗ್ನೆ?"

"ಹೊಡ್ಕೊಳ್ಳೋಕೆ ನೀವು ಬಿಟ್ರೆ ತಾನೇ? ಎಪ್ಪತ್ತಕ್ಕೆ ಕಟ್ಟಿಹಾಕಿದ್ದೀರಿ. ರಾಜಕುಮಾರ ಬಂದ್ರೂ ಎಪ್ಪತ್ತೇ, ಪೋಸ್ಟ್‌ಮ್ಯಾನ್ ಬಂದ್ರೂ ಎಪ್ಪತ್ತೇ."

ಹಾಲ್ವರ್ ಫೋನಿನಲ್ಲೇ ಗಟ್ಟಿಯಾಗಿ ನಕ್ಕ. ಅವಳು ಹೇಳಿದ್ದು ನಿಜವಾಗಿತ್ತು. ಮಿನಿಯಾಪೊಲಿಸ್‌ನ ತನ್ನ ಗ್ಯಾರೇಜಿನಲ್ಲಿ ಕೂತು ಆ ಪುಟ್ಟ ಪೇಸ್‌ಮೇಕರ್ ಮಾಡಿದವನು ಅವನೇ. ಸಿಗ್ನೆಯ ಹೃದಯ ಬಡಿಯುವುದನ್ನು ಮರೆಯತೊಡಗಿದಾಗ ಡಾಕ್ಟರು ಅದನ್ನು ಅವಳ ಪಕ್ಕೆಯ ಚರ್ಮದಡಿ ಇಟ್ಟು ಹೊಲಿದಿದ್ದರು. ಅಂದಿನಿಂದ ಓಡಿದರೂ, ಅತ್ತರೂ, ಮಲಗಿದರೂ ನಿಮಿಷಕ್ಕೆ ಎಪ್ಪತ್ತು ಬಡಿತ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆ ದಿನಗಳಲ್ಲಿ ಯಂತ್ರ ಸರಿಯಿದೆಯೇ ಎಂದು ತಿಳಿಯಲು ಇದ್ದದ್ದು ಫೋನೊಂದೇ. ಬೆಳಿಗ್ಗೆ ಎದ್ದು ರಿಸೀವರನ್ನು ಮೇಜಿನ ಮೇಲಿಟ್ಟು, ಒಂದು ಕೈಯಲ್ಲಿ ಕತ್ತಿನ ನಾಡಿ ಹಿಡಿದು, ಪ್ರತಿ ಬಡಿತಕ್ಕೂ ಇನ್ನೊಂದು ಕೈಯ ಚಮಚದಿಂದ ಕಾಫಿ ಬಟ್ಟಲಿಗೆ ತಟ್ಟಬೇಕು. ಅತ್ತ ಹಾಲ್ವರ್ ಗಡಿಯಾರ ನೋಡುತ್ತ ಎಣಿಸಬೇಕು. ಅವನ ಯಂತ್ರ ಇಟ್ಟುಕೊಂಡ ಬೇರೆಯವರದ್ದನ್ನು ಒಂದೇ ನಿಮಿಷ ಎಣಿಸುತ್ತಿದ್ದವನು ಸಿಗ್ನೆಯದಕ್ಕೆ ಮಾತ್ರ ಹೊತ್ತು ಹೋದದ್ದೇ ಗೊತ್ತಿಲ್ಲದವನಂತೆ ಕೂತಿರುತ್ತಿದ್ದ.

ಅವಳ ಬೀದಿಯಲ್ಲಿ ಮೂರು ಮನೆಗೆ ಒಂದೇ ಫೋನ್ ಲೈನು, ಒಬ್ಬರ ಮಾತು ಉಳಿದವರಿಗೂ ಕೇಳುತ್ತಿತ್ತು. ಪಕ್ಕದ ಮನೆಯ ಹುಲ್ಡಾ ಅಜ್ಜಿ ನಡುವೆ ಬಾಯಿ ಹಾಕುತ್ತಿದ್ದಳು. "ಎಣಿಸಿದ್ದು ಸಾಕು ಮಾರಾಯ, ನಾನು ಮಾಂಸದಂಗಡಿಗೆ ಫೋನ್ ಮಾಡ್ಬೇಕು. ಅಷ್ಟು ಆಸೆ ಇದ್ರೆ ಮದುವೆಯಾಗಿ ಮನೇಲೇ ಕೂರಿಸ್ಕೊಂಡು ಎಣಿಸು!"

ಭಾನುವಾರ ಚರ್ಚ್ ಮುಗಿಸಿಕೊಂಡು ಅವನು ಅವಳ ಮನೆಗೇ ಹೋದ. ಸಿಗ್ನೆ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದಳು. ಮೂಗಿನ ತುದಿಗೆ ಹಿಟ್ಟು. ಓರೆಗಣ್ಣಲ್ಲಿ ಅವನನ್ನು ನೋಡಿ, ನೋಡಲೇ ಇಲ್ಲವೆಂಬಂತೆ ಹಂಚಿನ ಕಡೆ ತಿರುಗಿದಳು.

"ಹುಲ್ಡಾ ಅಜ್ಜಿ ಹೇಳಿದ್ದನ್ನ ಮಾಡೋಣ ಅಂತಿದ್ದೀನಿ" ಎಂದ ಹಾಲ್ವರ್. ಹೊರಗೆ ಹಿಮ ಸುರಿಯುತ್ತಿದ್ದರೂ ಅವನ ಹಣೆ ಬೆವರಿತ್ತು.

ರೊಟ್ಟಿ ಸೀದುಹೋಯಿತು. ಅದನ್ನು ಕೆರೆದು ತೆಗೆಯುತ್ತ ಅವಳು, "ನಾಳೆ ಬೆಳಿಗ್ಗೆ ಹೇಳ್ತೀನಿ" ಎಂದಳು.

ಮರುದಿನ ಫೋನು ಬಂತು. ಬಟ್ಟಲಿನ ಸದ್ದು ಶುರುವಾಯಿತು. ಹಾಲ್ವರ್ ಎಣಿಸಿದ, ಮತ್ತೊಮ್ಮೆ ಎಣಿಸಿದ. ಎಂಬತ್ತರ ಹತ್ತಿರ ಹತ್ತಿರ!

"ಸಿಗ್ನೆ, ಇವತ್ತು ಜೋರಾಗಿದೆ. ನನಗೋಸ್ಕರಾನಾ?"

"ನಿನಗೋಸ್ಕರ ಅಲ್ದೆ ಇನ್ಯಾರಿಗೆ? ಹೂಂ ಅಂದೆ ಅಂತ ತಿಳ್ಕೋ."

ಮೊದಲ ಸಲ ಅವಳು ಅವನನ್ನು ನೀನು ಎಂದಿದ್ದಳು. "ಅಂತೂ ಆಯ್ತಲ್ಲಪ್ಪ!" ಎಂದು ಅಜ್ಜಿ ನಡುವಿನಿಂದ ಕೂಗಿದಳು. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ. ಹಾಲ್ವರನಿಗೆ ಆ ಬೆಳಿಗ್ಗೆ ಕಿವಿಯೂ ಇರಲಿಲ್ಲ.

ದಿನವೆಲ್ಲ ಸಿಳ್ಳೆ ಹಾಕುತ್ತ ಕೆಲಸ ಮಾಡಿದ. ಮಧ್ಯಾಹ್ನ ಹೊಸ ಯಂತ್ರವೊಂದಕ್ಕೆ ತಂತಿ ಬೆಸೆದು, ಅದರ ಮುಂದೆ ಪರೀಕ್ಷೆಯ ದೀಪ ಇಟ್ಟ. ದೀಪ ಮಿನುಗಿತು. ಹುಚ್ಚು ಹುರುಪಿನಲ್ಲಿ ಬಗ್ಗಿ, "ಸಿಗ್ನೆ ಹೂಂ ಅಂದ್ಲು ಕಣೋ" ಎಂದು ಅದಕ್ಕೂ ಹೇಳಿದ. ದೀಪ ಅದೇ ಗತಿಯಲ್ಲಿ ಮಿನುಗುತ್ತಲೇ ಇತ್ತು.

ಅವನ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಯಾವ ಸಂತೋಷಕ್ಕೂ ಆ ಯಂತ್ರ ಜೋರಾಗುವುದಿಲ್ಲ. ಹಾಗೆ ಮಾಡಿದವನೇ ಅವನು. ಜೋರಾಗಬೇಕಾದರೆ ಯಂತ್ರವನ್ನು ಮುಚ್ಚಲು ಮೇಲೆ ಎರೆದ ರಾಳ ಬಿರಿದು ಒಳಗೆ ಮೈಯ ನೀರು ಇಳಿದಿರಬೇಕು. ಆಮೇಲೆ ಅದಕ್ಕೆ ಕಡಿವಾಣವೇ ಇಲ್ಲ.

ಫೋನು ಮಾಡಿದರೆ ಸಿಕ್ಕಿದ್ದು ಹುಲ್ಡಾ ಅಜ್ಜಿಯ ಅಳು. "ಅಡುಗೆಮನೇಲಿ ಬಿದ್ಬಿಟ್ಲಪ್ಪಾ. ಈಗಷ್ಟೇ ಆಸ್ಪತ್ರೆಗೆ ಒಯ್ದರು."

ಆಸ್ಪತ್ರೆಯಲ್ಲಿ ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದರು. ಯಂತ್ರ ಈಗ ಬಾಯಲ್ಲಿಟ್ಟ ಬಿಸಿತುಪ್ಪ. ಒಳಗೇ ಬಿಟ್ಟರೆ ಹೃದಯವನ್ನು ಓಡಿಸಿ ಓಡಿಸಿ ಕೊಲ್ಲುತ್ತದೆ. ಹೃದಯಕ್ಕೆ ಹೋಗುವ ಅದರ ತಂತಿ ಕತ್ತರಿಸಿದರೆ, ಬೇರೆಯದನ್ನು ಜೋಡಿಸುವವರೆಗೆ ಆ ದಣಿದ ಹೃದಯ ತಾನಾಗಿ ಬಡಿಯಬೇಕು.

ಸಿಗ್ನೆಯ ತುಟಿ ನೀಲಿಗಟ್ಟಿತ್ತು. ಹಾಲ್ವರ್ ಅವಳ ಕೈ ಹಿಡಿದ.

"ಬೆಳಿಗ್ಗೆನೇ ನನಗೆ ಗೊತ್ತಾಗ್ಬೇಕಿತ್ತು ಸಿಗ್ನೆ. ನಾನೇ ಮಾಡಿದ್ದು, ನಾನೇ ಎಣಿಸಿದ್ದು. ಆದ್ರೂ ನನಗೋಸ್ಕರ ಅಂದ್ಕೊಂಡೆ."

"ಪೆದ್ದ" ಎಂದಳು, ಒಂದೊಂದೇ ಉಸಿರಿಗೆ ಒಂದೊಂದು ಮಾತು. "ನನಗೂ ಗೊತ್ತಿರ್ಲಿಲ್ವಾ, ಇದು ಜೋರಾಗಲ್ಲ ಅಂತ? ಆದ್ರೂ ನಿನಗೋಸ್ಕರ ಅಂತಾನೇ ಅನ್ನಿಸ್ತು. ಎಷ್ಟು ಚೆನ್ನಾಗಿತ್ತು ಗೊತ್ತಾ."

ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ತಂತಿ ಕತ್ತರಿಸಿದ ಮೇಲೆ ಹೃದಯ ಮತ್ತೆ ಬಡಿಯಲಿಲ್ಲ.

ಸರ್ಜನ್ ಬಂದು ಹೇಳಿದಾಗ ಹಾಲ್ವರ್ ಗೋಡೆಗೆ ಹಣೆ ಇಟ್ಟು ಅತ್ತ, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮುಖ ಒರೆಸಿಕೊಂಡು ನರ್ಸಿನ ಬಳಿ ಫೋನು ಕೇಳಿದ. ಅದೇ ರಾಳ ಎರೆದ ಯಂತ್ರಗಳು ಇನ್ನೂ ಕೆಲವರ ಮೈಯೊಳಗಿದ್ದವು.

ಮೊದಲು ಸಿಕ್ಕವನು ಸೇಂಟ್ ಕ್ಲೌಡ್ ಕಡೆಯ ರೈತ, ಮುದುಕ ಎಮಿಲ್. ದನಿಯಲ್ಲಿ ನಗು ತುಂಬಿತ್ತು.

"ನಾನೇ ಫೋನ್ ಮಾಡೋಣ ಅಂತಿದ್ದೆ ನೋಡಿ! ಎದೆ ಯಾಕೋ ಚುರುಕಾಗಿದೆ. ನಿನ್ನೆ ಮೊಮ್ಮಗಳು ಹುಟ್ಟಿದ್ಲಲ್ಲ, ಆ ಖುಷಿಗೇ ಇರ್ಬೇಕು."

"ಖುಷಿ ಅಲ್ಲ ಎಮಿಲ್" ಎಂದ ಹಾಲ್ವರ್. "ಕೋಟು ಹಾಕ್ಕೊಳ್ಳಿ. ಮಗನ್ನ ಕರೀರಿ, ಈಗಲೇ ಹೊರಡಿ. ನಾನು ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀನಿ."